ಆಟ ನೋಡಿ ಬಾರಿಸುವವರು

ಪ್ರಿಯ ಬಳಗದವರೇ,

ರಜೆ ಬಂತೆಂದರೆ ನಮ್ಮಲ್ಲಿ ಎಷ್ಟೋ ಮನೆಯವರು ಊರಿಗೆ ಹೋಗುತ್ತಾ ದಾರಿಯಲ್ಲಿ ಬ್ಯಾಂಕಾಕ್‌ನಲ್ಲಿ ಎರಡು ದಿನ ಉಳಿಯುತ್ತಾರೆ. ದೇವಸ್ಥಾನ, ದೋಣಿ, ಮಾಲ್ ಎಲ್ಲ ನೋಡಿ. ಆದರೆ ಒಂದು ಸಂಜೆಯನ್ನು ರಾಜದಮ್ನೆರ್ನ್ ಸ್ಟೇಡಿಯಂಗೆ ಎತ್ತಿಡಿ ಅಂತ ನನ್ನ ಒತ್ತಾಯ. 1945ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದ ಜಾಗ ಅದು. ಮುಯೆ ಥಾಯ್, ಅಂದರೆ ಥಾಯ್ ಬಾಕ್ಸಿಂಗ್‌ಗೆ, ಅದಕ್ಕಿಂತ ಹೆಸರಾದ ಕಣ ಸಿಗುವುದು ಕಷ್ಟ.

ನಾನು ಹೋಗಿದ್ದು ಕಾದಾಟ ನೋಡಲು. ಕಣ್ಣು ಹೋಗಿ ನಿಂತಿದ್ದು ಒಂದು ಪಕ್ಕದಲ್ಲಿ ಕೂತಿದ್ದ ನಾಲ್ಕು ಜನ ವಾದ್ಯದವರ ಮೇಲೆ. ಒಬ್ಬರ ಕೈಯಲ್ಲಿ ಪೀ ಚವಾ ಅನ್ನುವ ಊದುವ ವಾದ್ಯ. ನಮ್ಮ ಮೌರಿಯ ಜಾತಿಯದು, ಆದರೆ ದನಿ ಇನ್ನೂ ಚೂಪು. ಇಬ್ಬರ ಮುಂದೆ ಉದ್ದನೆಯ ಜೋಡಿ ಡೋಲು, ಕ್ಲೊಂಗ್ ಖೇಕ್. ನಾಲ್ಕನೆಯವರ ಬೆರಳಲ್ಲಿ ಚಿಂಗ್ ಅನ್ನುವ ಪುಟ್ಟ ತಾಳ. ಮೈಕಿನಲ್ಲಿ ಹಾಕಿದ ರೆಕಾರ್ಡ್ ಅಲ್ಲ, ಪ್ರತಿ ಪಂದ್ಯಕ್ಕೂ ಇವರೇ ನುಡಿಸುತ್ತಾರೆ.

ಮೊದಲು ನಿಧಾನದ ರಾಗ. ಆಟಗಾರ ತಲೆಗೆ ಮೊಂಗ್‌ಕೊನ್ ಅನ್ನುವ ಪಟ್ಟಿ ಕಟ್ಟಿಕೊಂಡು ಹಗ್ಗ ಹಿಡಿದು ರಿಂಗ್ ಸುತ್ತುತ್ತಾನೆ, ಮೂಲೆ ಮೂಲೆಗೆ ನಿಂತು ತಲೆ ಬಾಗಿಸುತ್ತಾನೆ. ಆಮೇಲೆ ಮಂಡಿಯೂರಿ ಗುರುವಿಗೆ, ಹೆತ್ತವರಿಗೆ ಕೈ ಮುಗಿಯುತ್ತಾನೆ. ಇದು ವಾಯ್ ಖ್ರು. ನಾನು ನೋಡಿದ ಹುಡುಗ ನೆಲಕ್ಕೆ ಹಣೆ ತಾಗಿಸಿ ಮೂರು ಸಲ ಎದ್ದ. ಬೆನ್ನಿಗೆ ಹಚ್ಚಿದ್ದ ಎಣ್ಣೆಯು ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಪೀ ನುಡಿಸುವವರು ಕೆನ್ನೆ ಉಬ್ಬಿಸಿಕೊಂಡು, ಉಸಿರು ಎಲ್ಲೂ ಕಡಿಯದ ಹಾಗೆ ಅವನನ್ನೇ ನೋಡುತ್ತಿದ್ದರು. ಅವನು ಮುಗಿಸುವವರೆಗೂ ಅವರೂ ಮುಗಿಸಲಿಲ್ಲ. ಗುರು ಬಂದು ತಲೆಯ ಪಟ್ಟಿ ತೆಗೆದ ಮೇಲೇ ಕಾದಾಟ ಶುರು.

ಹಳೆಯ ಪದ್ಧತಿಯಲ್ಲಿ ಮೂರು ಮೂರು ನಿಮಿಷದ 5 ಸುತ್ತು. ಮೊದಲ ಎರಡು ಸುತ್ತಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅಳೆಯುತ್ತಾರೆ. ಹೊಸಬರಿಗೆ ಬೇಜಾರಾಗಬಹುದು, ತಾಳ್ಮೆ ಇರಲಿ. ಮೂರನೆಯದರಿಂದ ಮುಷ್ಟಿ, ಮೊಣಕೈ, ಮಂಡಿ, ಕಾಲು ಎಲ್ಲ ಹೊರಗೆ ಬರುತ್ತವೆ. ಬರೀ ಗುದ್ದಿಗಿಂತ ಮೈಗೆ ಬಿದ್ದ ಒದೆಗೆ, ಮಂಡಿಯ ಏಟಿಗೆ ಬೆಲೆ ಜಾಸ್ತಿ. ಡೋಲಿನ ವೇಗವೂ ಅಲ್ಲಿಂದಲೇ ಏರುತ್ತದೆ. ಇಬ್ಬರೂ ಕತ್ತು ಹಿಡಿದು ಮಂಡಿ ಬೀಸುವಾಗ ಗ್ಯಾಲರಿಯವರು ಒಂದೊಂದು ಏಟಿಗೂ 'ಓಯ್!' ಅನ್ನುತ್ತಾರೆ. ಡೋಲು, ಏಟು, ಕೂಗು ಮೂರೂ ಸೇರಿ ಬೀಳುತ್ತವೆ. ಸುತ್ತಿನ ಗಂಟೆ ಹೊಡೆದರೆ ಎಲ್ಲ ಒಮ್ಮೆಲೇ ನಿಂತುಬಿಡುತ್ತದೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ತಕ್ಷಣ ಹಿಡಿಸುತ್ತದೆ. ವೇಷದ ಹೆಜ್ಜೆ ನೋಡಿಕೊಂಡು ಚೆಂಡೆಯವರು ಪೆಟ್ಟು ಹಾಕುತ್ತಾರಲ್ಲ, ಅದೇ ಲೆಕ್ಕ.

ಒಂದು ಮಾತು ಹೇಳಲೇಬೇಕು. ಆ ದೇಶದಲ್ಲಿ ಬಡ ಮನೆಯ ಮಕ್ಕಳು, ಅದರಲ್ಲೂ ಈಶಾನ್ಯದ ಇಸಾನ್ ಕಡೆಯವರು, ತೀರಾ ಚಿಕ್ಕ ವಯಸ್ಸಿಗೇ ದುಡ್ಡಿಗಾಗಿ ರಿಂಗ್ ಹತ್ತುತ್ತಾರೆ. 2018ರಲ್ಲಿ 13 ವರ್ಷದ ಹುಡುಗನೊಬ್ಬ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಊರ ಜಾತ್ರೆಗಳಲ್ಲಿ ಮಕ್ಕಳ ಪಂದ್ಯ ಇದ್ದರೆ ದಯವಿಟ್ಟು ಟಿಕೆಟ್ ತಗೋಬೇಡಿ. ಕಲೆ ಎಷ್ಟು ದೊಡ್ಡದಾದರೂ ಮಕ್ಕಳ ತಲೆಗೆ ಏಟು ಬೀಳುವುದನ್ನು ನನಗೆ ಒಪ್ಪಲು ಆಗುವುದಿಲ್ಲ.

ಪಂದ್ಯ ಮುಗಿದ ಮೇಲೂ ಸಂಗೀತ ಬೇಕು ಅನ್ನಿಸಿದರೆ ಟುಕ್‌ಟುಕ್ ಹಿಡಿದು ವಿಕ್ಟರಿ ಮಾನ್ಯುಮೆಂಟ್ ಹತ್ತಿರದ ಸ್ಯಾಕ್ಸೋಫೋನ್ ಪಬ್‌ಗೆ ಹೋಗಿ. 1987ರಿಂದ ಅಲ್ಲಿ ಜಾಜ್, ಬ್ಲೂಸ್ ನಡೆಯುತ್ತಾ ಬಂದಿದೆ. ಥಾಯ್ ಜನಕ್ಕೆ ಜಾಜ್ ಹೊರಗಿನದು ಅನ್ನಿಸುವುದಿಲ್ಲ. 2016ರವರೆಗೆ ಆಳಿದ ಅವರ ರಾಜ ಭೂಮಿಬೋಲರೇ ಸ್ಯಾಕ್ಸೋಫೋನ್ ನುಡಿಸುತ್ತಿದ್ದರು, ಹಾಡುಗಳಿಗೆ ರಾಗ ಹಾಕುತ್ತಿದ್ದರು. 1960ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಹೆಸರಾಂತ ಜಾಜ್ ವಾದಕ ಬೆನ್ನಿ ಗುಡ್‌ಮನ್ ಜೊತೆ ಕೂತು ನುಡಿಸಿದ್ದರು.

ಆ ಪಬ್‌ನಲ್ಲಿ ಕೂತಾಗಲೂ ನನ್ನ ತಲೆಯಲ್ಲಿ ಇದ್ದದ್ದು ನಮ್ಮ ಸಂಘದ ವೇದಿಕೆ. ನಮ್ಮ ಮಕ್ಕಳು ಪೆನ್ ಡ್ರೈವ್‌ನ ಟ್ರ್ಯಾಕಿಗೆ ಕೋಲಾಟ ಆಡುತ್ತಾರೆ. ಒಂದು ಮಗು ಹೆಜ್ಜೆ ತಪ್ಪಿದರೆ ಟ್ರ್ಯಾಕ್ ಕಾಯುವುದಿಲ್ಲ, ಮುಂದೆ ಹೋಗಿಬಿಡುತ್ತದೆ. ಮಗು ಅಲ್ಲೇ ನಿಂತು ಅಮ್ಮನ ಮುಖ ನೋಡುತ್ತದೆ. ಎದುರಿಗೆ ಬಾರಿಸುವವರು ಇದ್ದರೆ ಒಂದು ಆವರ್ತ ಜಾಸ್ತಿ ಬಾರಿಸಿ ಆ ಮಗುವನ್ನು ಸೇರಿಸಿಕೊಳ್ಳುತ್ತಾರೆ, ಅಲ್ವಾ?

ಹಾಗಾಗಿ ಈ ಸಲದ ರಾಜ್ಯೋತ್ಸವಕ್ಕೆ ಕೋಲಾಟ, ಕಂಸಾಳೆ ಎರಡಕ್ಕೂ ಟ್ರ್ಯಾಕ್ ಬೇಡ ಅಂತ ಸಮಿತಿಯಲ್ಲಿ ಕೇಳಿದೆ, ಒಪ್ಪಿದ್ದಾರೆ. ತಬಲಾ, ಮೃದಂಗ, ಡೋಲಕ್, ಹಾರ್ಮೋನಿಯಂ ಗೊತ್ತಿರುವವರು, ಕೈ ಬಿಟ್ಟು ವರ್ಷಗಳಾಗಿದ್ದರೂ ಪರವಾಗಿಲ್ಲ, ಹೆಸರು ಕೊಡಿ. ತಾಲೀಮು ಭಾನುವಾರ ಬೆಳಿಗ್ಗೆ, ಮೊದಲ ದಿನದಿಂದಲೇ ಮಕ್ಕಳ ಜೊತೆಗೆ.

– ಸಂಪಾದಕ