ಚರ್ಚಿನಲ್ಲಿ ನಾಟಕ, ಪರದೆ ಕಟ್ಟಲು ಜನ ಬೇಕು

"ಇಲ್ಲಿ ಯಾಕೆ ಎಲ್ಲರೂ ಎರಡೆರಡು ಸಲ ಮಾತಾಡ್ತಾರೆ?" ಯುಗಾದಿ ನಾಟಕದ ನಡುವೆ ಒಂದು ಮಗು ಕೇಳಿದ್ದು. ನಮ್ಮ ಸಂಘದ ಹಾಲ್ ಮೊದಲು ಚರ್ಚ್ ಆಗಿತ್ತು, ಅದಕ್ಕೇ ಮಾತು ಮಾರ್ದನಿಸುತ್ತದೆ. ರಾಜ್ಯೋತ್ಸವದ ನಾಟಕವೂ ಅಲ್ಲೇ.

ದಾವಣಗೆರೆ, ದುರ್ಗದ ಕಡೆಯವರ ಕಿವಿಗೆ ಇದು ಹೊಸದು. ಕಂಪನಿ ನಾಟಕದ ಟೆಂಟಿನಲ್ಲಿ ಬಟ್ಟೆಯ ಗೋಡೆ. ಹೋದ ದನಿ ಹೊರಗೇ ಹೋಯಿತು. ಕಂಪನಿ ನಾಟಕದ ನಟಿ ಚಿಂದೋಡಿ ಲೀಲಾ ಅವರ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಣೇಹಳ್ಳಿಯ ಬಯಲು ರಂಗಮಂದಿರಕ್ಕಂತೂ ಚಾವಣಿಯೇ ಇಲ್ಲ. ಕಲ್ಲಿನ ಮೆಟ್ಟಿಲೇರಿ ಕೂತವರಿಗೆ ನಟರ ಮಾತು ನೇರ ಬರುತ್ತದೆ, ಅಲ್ಲಿನ ನಾಟಕ ತಂಡ ಶಿವಸಂಚಾರದವರು ಎಷ್ಟು ವೇಗವಾಗಿ ಸಂಭಾಷಣೆ ಒಪ್ಪಿಸಿದರೂ ಒಂದಕ್ಷರ ಕಲಸುವುದಿಲ್ಲ.

ಚರ್ಚಿನ ಕಲ್ಲು, ಗಾರೆ, ಎತ್ತರದ ಮಾಡು ದನಿಯನ್ನು ಬಿಟ್ಟುಕೊಡುವುದಿಲ್ಲ. ನಿಧಾನದ ಪ್ರಾರ್ಥನಾಗೀತೆಗೆ ಅದೇ ಚೆಂದ. ದನಿ ಅಡಗಲು ಎಷ್ಟು ಹೊತ್ತು ಬೇಕೆಂಬ ಲೆಕ್ಕ ಸರಳ: ಘನ ಮೀಟರಿನಲ್ಲಿ ಹಾಲಿನ ಗಾತ್ರವನ್ನು 0.161ರಿಂದ ಗುಣಿಸಿ, ಚದರ ಮೀಟರಿನಲ್ಲಿ ಅದು ದನಿ ಹೀರುವ ಪ್ರಮಾಣದಿಂದ ಭಾಗಿಸಿ. 6000 ಘನ ಮೀಟರ್, ಹೀರಿಕೆ 240 ಎಂದಿಟ್ಟುಕೊಂಡರೆ ದನಿ ಅಡಗಲು 4 ಸೆಕೆಂಡು. ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರ್ ಹೀರುತ್ತಾನೆ. 400 ಜನ ಕೂತರೆ 2.2 ಸೆಕೆಂಡಿಗೆ ಇಳಿಯುತ್ತದೆ. ವಾದ್ಯಮೇಳಕ್ಕೆ ಸರಿ, ಮಾತಿಗೆ 1 ಸೆಕೆಂಡಿನ ಆಸುಪಾಸು ಬೇಕು. ಖಾಲಿ ಹಾಲಿನ ತಾಲೀಮು ನಂಬಬೇಡಿ.

ಲಂಡನ್ನಿನ ಸೇಂಟ್ ಲ್ಯೂಕ್ಸ್ 1733ರ ಚರ್ಚ್. ನೆಲ ಕುಸಿದು 1959ರಲ್ಲಿ ಮಾಡು ತೆಗೆದರು, ದಶಕಗಟ್ಟಲೆ ಬರೀ ಗೋಡೆ ನಿಂತಿತ್ತು. ಉಕ್ಕಿನ ಕಂಬಗಳ ಮೇಲೆ ಹೊಸ ಮಾಡು ಹೊದಿಸಿ, 2003ರಲ್ಲಿ ಅಲ್ಲಿನ ಸಿಂಫನಿ ವಾದ್ಯವೃಂದದವರು ಸಂಗೀತಕ್ಕೆಂದು ತೆರೆದರು. ನಮಗೆ ಅಷ್ಟು ದುಡ್ಡಿಲ್ಲ, ಪರದೆ ಇದೆ. ದಪ್ಪ ಬಟ್ಟೆ, ನೆರಿಗೆ ಹಿಡಿದು, ಗೋಡೆಯಿಂದ ಒಂದು ಗೇಣು ಬಿಟ್ಟು ಕಟ್ಟಬೇಕು. ಗೋಡೆಗೆ ಅಂಟಿಸಿದರೆ ಅರ್ಧ ಕೆಲಸವೂ ಮಾಡದು. ತಗ್ಗಿನ ದನಿಗೆ ಪರದೆ ಲೆಕ್ಕಕ್ಕಿಲ್ಲ, ಹಾಗಾಗಿ ಡೊಳ್ಳು ಅಂಗಳದಲ್ಲಿ. ಸ್ಪೀಕರ್ ದೊಡ್ಡದು ಒಂದೆರಡು ಬೇಡ, ಚಿಕ್ಕವು ನಾಲ್ಕಾರು, ಜನರ ಹತ್ತಿರ, ಅವರ ಕಡೆಗೇ ಬಾಗಿಸಿ. ಮೈಕ್ ಬಾಯಿಗೆ ಹತ್ತಿರ. ಅಧ್ಯಕ್ಷರ ಭಾಷಣ ಚಿಕ್ಕದು (ಇದಕ್ಕೆ ಧ್ವನಿಶಾಸ್ತ್ರವೇ ಕಾರಣ ಎಂದುಕೊಳ್ಳಿ).

ಪತ್ರಿಕೆ ರಾತ್ರಿಯೇ ಅಚ್ಚಿಗೆ ಹೋಗಬೇಕು, ಉಳಿದದ್ದು ಗಡಿಬಿಡಿಯಲ್ಲಿ: ರಾಜ್ಯೋತ್ಸವ ಶನಿವಾರ ಸಂಜೆ 4ಕ್ಕೆ. ವಚನ ಗಾಯನ ಮೊದಲು, ನಾಟಕ ಆಮೇಲೆ. ಕನ್ನಡ ಶಾಲೆಗೆ ಆ ದಿನ ರಜೆ. ಪಾರಂಪರಿಕ ಕಟ್ಟಡ, ಗೋಡೆಗೆ ಮೊಳೆಯೂ ಇಲ್ಲ ಟೇಪೂ ಇಲ್ಲ, ತೋರಣ ಸ್ಟ್ಯಾಂಡಿಗೇ ಕಟ್ಟಿ. ಪರದೆ ಕಟ್ಟಲು ಮಧ್ಯಾಹ್ನ 12ಕ್ಕೆ ಏಣಿ ಹತ್ತಬಲ್ಲ ಆರು ಜನ ಬೇಕು, ಈವರೆಗೆ ಇಬ್ಬರು ಒಪ್ಪಿದ್ದಾರೆ. ಮುಂದಿನ ಸಂಚಿಕೆಗೆ ಸಂಪಾದಕರೂ ಬೇಕು, ದಯವಿಟ್ಟು.

ಬೆಣ್ಣೆ ದೋಸೆ ಇಲ್ಲ, ಒಳಗೆ ಗ್ಯಾಸ್ ಹಚ್ಚುವಂತಿಲ್ಲ. ಮಂಡಕ್ಕಿ ಇದೆ, ಮಿರ್ಚಿ ಮನೆಯಲ್ಲೇ ಕರಿದು ತರುವವರು ಗುರುವಾರದೊಳಗೆ ತಿಳಿಸಿ.