‘ಪೈಲಟ್ ಅಂದ್ರ ಯಾವ ವಿಮಾನ ಹೊಡಿತೀರಿ?’: ನಿಮ್ಮ ಹುಬ್ಬಳ್ಳಿ ಶೋರೂಮಿನ ಮೇಲೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ‘ಎಲ್ಲ ತುರ್ತು ಸೇವೆಯವರಿಗೆ 10% ರಿಯಾಯಿತಿ’ ಎಂದು ಬರೆದು ಕೊಡದಿದ್ದುದು ಹಾಗೂ ಮುಂಗಡ ಹಣ ಹಿಡಿದಿಟ್ಟುಕೊಂಡಿದ್ದು.

ಮಾನ್ಯರೇ,

ನಾನು ಹುಬ್ಬಳ್ಳಿಯಲ್ಲಿ 108 ಆಂಬುಲೆನ್ಸ್ ಓಡಿಸುತ್ತೇನೆ. ನಿಮ್ಮ ಸಹಾಯವಾಣಿಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕೂ ಸಲ ದನಿ ಏರಿಸದೆ ಮಾತಾಡಿದೆ. ನಿನ್ನೆ ರಾತ್ರಿ ಡ್ಯೂಟಿಯಲ್ಲಿದ್ದಾಗ ನಿಮ್ಮಿಂದ ಮೆಸೇಜ್ ಬಂತು: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ?’ ಏನೂ ಪರಿಹಾರ ಆಗಿಲ್ಲ. ಅದಕ್ಕೇ ಈ ಪತ್ರ.

ನಿಮ್ಮ ಯೋಜನೆ ನಿಮಗೆ ಗೊತ್ತೇ ಇದೆ. ಚೆನ್ನಮ್ಮ ಸರ್ಕಲ್ ಹತ್ತಿರ ನೀವು ಹಚ್ಚಿದ ಫ್ಲೆಕ್ಸ್‌ನಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ‘ಪೊಲೀಸ್, ಅಗ್ನಿಶಾಮಕ ಮತ್ತು ಎಲ್ಲ ತುರ್ತು ಸೇವೆಯವರಿಗೆ’ ಎಂದಿದೆ. ‘ಎಲ್ಲ’ ಅನ್ನುವುದು ನಿಮ್ಮದೇ ಮಾತು. ಅಷ್ಟಾದರೂ ಶೋರೂಮಿಗೆ ಫೋನ್ ಹಚ್ಚಿ ಕೇಳಿದೆ. ‘108 ಆದ್ರ ನಡೀತದ್ರಿ, ಐಡಿ ಕಾರ್ಡ್ ತಗೊಂಡ್ ಬರ್ರಿ’ ಅಂದರು. ₹22,400ರ ವಾಷಿಂಗ್ ಮಷಿನ್‌ಗೆ ₹2,000 ಮುಂಗಡ ಕಳಿಸಿದೆ. ಅಪಘಾತದ ಕೇಸ್ ಇದ್ದ ದಿನ ನನ್ನ ಯೂನಿಫಾರ್ಮನ್ನು ಹೆಂಡತಿ ಬೇರೆ ಬಕೆಟ್‌ನಲ್ಲಿ ತಣ್ಣೀರಿಗೆ ನೆನೆಹಾಕಿ, ರಕ್ತ ಬಿಟ್ಟ ಮೇಲೆ ಬಿಸಿನೀರಲ್ಲಿ ತಿಕ್ಕುತ್ತಾಳೆ. ಹನ್ನೊಂದು ವರ್ಷದಿಂದ ಕೈಯಲ್ಲೇ. ಬಿಸಿನೀರಲ್ಲಿ ಒಗೆಯುವ ಮಷಿನ್ ಬೇಕಿದ್ದದ್ದು ಅದಕ್ಕೆ.

ಕಳೆದ ರವಿವಾರ ಸಂಜೆ ಹೆಂಡತಿ, ಏಳನೇ ಇಯತ್ತೆ ಓದುವ ಮಗಳನ್ನು ಕರೆದುಕೊಂಡು ಬಂದೆ. ಬಿಲ್ ಮಾಡುವ ಹುಡುಗ ನನ್ನ ಕಾರ್ಡ್ ನೋಡಿ ಸೂಪರ್‌ವೈಸರ್‌ನನ್ನು ಕರೆದ. ಅವರು ಕಾರ್ಡನ್ನು ಹಿಂದೆ ಮುಂದೆ ತಿರುವಿ, ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಅಂದರು:

‘ಇದರಾಗ ಪೈಲಟ್ ಅಂತ ಐತಲ್ರಿ. ಯಾವ ವಿಮಾನ ಹೊಡಿತೀರಿ?’

ಇಬ್ಬರು ನಕ್ಕರು. ‘108ರಾಗ ಗಾಡಿ ಓಡಸೋರಿಗೆ ಪೈಲಟ್ ಅಂತಾರ್ರಿ’ ಅಂದೆ.

‘ಹಂಗಾದ್ರ ಡ್ರೈವರ್ ಅನ್ರಿ. ಡ್ರೈವರ್ ಮಂದಿಗೆಲ್ಲ ಕೊಡಾಕ ಹತ್ತಿದ್ರ ನಾಳೆ ಟಂಟಂದವರೂ ಬರ್ತಾರ. ಸರ್ಕಾರದ ಮುದ್ರಿ ಎಲ್ಲೈತಿ ಇದರಾಗ? ಏಜೆನ್ಸಿ ಕಾರ್ಡ್ ಇದು, ನಡಿಯಂಗಿಲ್ಲ.’

ಫೋನಿನಲ್ಲಿ ಒಪ್ಪಿದ್ದನ್ನು ಹೇಳಿದೆ. ಯಾರು ಒಪ್ಪಿದರು, ಹೆಸರು ಹೇಳಿ ಎಂದರು. ಹೆಸರು ನಾನು ಕೇಳಿರಲಿಲ್ಲ. ಆಗ ಅವರು ದನಿ ಇಳಿಸಿ, ‘ಮನ್ಯಾಗ ಯಾರರ ಪೊಲೀಸ್ ಅದಾರೇನು? ಅವರ ಕಾರ್ಡ್ ತರ್ರಿ, ಹಾಕಿ ಕೊಡ್ತೀನಿ’ ಅಂದರು. ಮಗಳು ನನ್ನ ಅಂಗಿ ಜಗ್ಗಿ ‘ಅಪ್ಪಾ, ಮನಿಗೆ ಹೋಗೂಣು’ ಅಂದಳು. ನನ್ನ ಹಿಂದೆ ಸಾದಾ ಬಟ್ಟೆಯಲ್ಲಿದ್ದ ಒಬ್ಬ ಕಾನ್ಸ್‌ಟೇಬಲ್ ಮುಂದೆ ಬಂದು, ‘ನನ್ನ ಕಾರ್ಡಿನ ಮ್ಯಾಲೆ ಅವರ ಬಿಲ್ ಮಾಡ್ರಿ’ ಅಂತ ಕಾರ್ಡ್ ತೆಗೆದರು. ‘ಆಗ್ಲಿ ಸರ್, ಕೊಡ್ರಿ ಸರ್’ ಎಂದರು ನಿಮ್ಮ ಸೂಪರ್‌ವೈಸರ್. ನಾನು ಬೇಡ ಅಂದೆ. ಆ ಪುಣ್ಯಾತ್ಮನ ಕೈ ಹಿಡಿದು ನಮಸ್ಕಾರ ಹೇಳಿ ಹೊರಗೆ ಬಂದೆ. ನನ್ನ ಕೆಲಸಕ್ಕೆ ಸಿಗದ ಮರ್ಯಾದೆಯನ್ನು ಮತ್ತೊಬ್ಬರ ಕಾರ್ಡಿನ ಮೇಲೆ ಇಸಿದುಕೊಂಡು ಮಗಳ ಎದುರು ಹೇಗೆ ನಿಲ್ಲಲಿ? ಮುಂಗಡ ಕೇಳಿದ್ದಕ್ಕೆ ‘ಬುಕಿಂಗ್ ರೊಕ್ಕ ವಾಪಸ್ ಬರಂಗಿಲ್ಲ’ ಎಂಬ ಉತ್ತರ.

ಪೊಲೀಸರಿಗೆ ರಿಯಾಯಿತಿ ಕೊಡಬೇಡಿ ಎಂದು ನಾನು ಹೇಳುವುದಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅಲ್ಲಿ ನನ್ನ ಗಾಡಿಯೂ ಇತ್ತು. ನೆರೆದ ಮಂದಿಯ ನಡುವೆ ಗಾಡಿ ರಿವರ್ಸ್ ತೆಗೆಯಲು ಆಗುತ್ತಿರಲಿಲ್ಲ. ಪೊಲೀಸರು ತೋಳಿಗೆ ತೋಳು ಕೊಟ್ಟು ನಿಂತು ದಾರಿ ಮಾಡಿದರು, ಅಗ್ನಿಶಾಮಕದವರು, ಎನ್‌ಡಿಆರ್‌ಎಫ್‌ನವರು ಹೊರತೆಗೆದರು, ನಾವು ಆಸ್ಪತ್ರೆಗೆ ಮುಟ್ಟಿಸಿದೆವು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಒಳಗಿದ್ದವನು ಬದುಕುತ್ತಿರಲಿಲ್ಲ. ಅವರ ನೇಮಕ ಸರ್ಕಾರದ್ದು, ನನ್ನದು ಏಜೆನ್ಸಿಯದು. ಅವರ ಪಗಾರ ನನ್ನದಕ್ಕಿಂತ ಹೆಚ್ಚು, ಕೆಲಸ ಕಾಯಂ, ಪೊಲೀಸರಿಗೆ ಕ್ಯಾಂಟೀನ್ ಸೌಲಭ್ಯವೂ ಇದೆ. ನಮಗೆ ಅದಾವುದೂ ಇಲ್ಲ. ಹೀಗಿರುವಾಗ ಕಾಯಂ ಕೆಲಸವಿದ್ದವರಿಗೆ ₹2,240 ಬಿಟ್ಟು, ಇಲ್ಲದವನಿಂದ ಪೂರ್ತಿ ಇಸಿದುಕೊಳ್ಳುವುದು ಯಾವ ನ್ಯಾಯ? ದಿನಗೂಲಿಯ ಗೃಹರಕ್ಷಕರು, ಮಳೆಯಲ್ಲಿ ಕಂಬ ಹತ್ತುವ ಹೆಸ್ಕಾಂ ಲೈನ್‌ಮನ್‌ಗಳು ಬಂದರೂ ಇದೇ ಮಾತು ಆಡುತ್ತೀರಾ?

ರಿಯಾಯಿತಿ ಕೊಡುವುದು ಬಿಡುವುದು ನಿಮ್ಮ ಇಷ್ಟ, ಅದು ನನ್ನ ಹಕ್ಕಲ್ಲ. ‘ಪೊಲೀಸರಿಗೆ ಮಾತ್ರ’ ಎಂದು ಬರೆದಿದ್ದರೆ ನಾನು ನಿಮ್ಮ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ. ಮೂರನೇ ಫೋನಿನಲ್ಲಿ ನಿಮ್ಮವರು, ‘ಸರ್ಕಾರಿ ನೌಕರರಿಗೆ ಮಾತ್ರ ಎಂಬ ಷರತ್ತು ಕರಪತ್ರದ ಹಿಂದೆ ಇದೆ’ ಎಂದರು. ತೆಗೆದು ನೋಡಿದೆ. ಇದೆ, ಇಂಗ್ಲಿಷಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿರಬೇಕು. ಇಷ್ಟು ದೊಡ್ಡ ಕಂಪನಿಗೆ ಇದು ತಿಳಿಯದೇ ಇರಲಿಕ್ಕಿಲ್ಲ.

₹2,000 ವಾಪಸ್ ಕೊಡಿ. ಫ್ಲೆಕ್ಸ್ ಇಳಿಸಿ, ಇಲ್ಲವೇ ಅದರಲ್ಲಿ ಬರೆದಂತೆ ನಡೆಯಿರಿ. ಆ ಸೂಪರ್‌ವೈಸರ್ ನನ್ನ ಮಗಳ ಎದುರು ಕ್ಷಮೆ ಕೇಳಲಿ. ಹದಿನೈದು ದಿನ ಕಾಯುತ್ತೇನೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇವತ್ತೇ ದೂರು ಬರೆಸುತ್ತಿದ್ದೇನೆ. ಹದಿನಾರನೇ ದಿನ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ನಾನೇ ನಿಂತು ಅರ್ಜಿ ಹಾಕುತ್ತೇನೆ. ಐದು ಲಕ್ಷದೊಳಗಿನ ಕೇಸಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಫ್ಲೆಕ್ಸ್‌ನ ಫೋಟೊ, ಕರಪತ್ರ, ಮುಂಗಡದ ರಸೀದಿ, ನಾಲ್ಕು ಫೋನಿನ ದಿನಾಂಕ ನನ್ನ ಹತ್ತಿರ ಇವೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಪೈಲಟ್‌ಗಳು, ಗಾಡಿಯಲ್ಲಿ ರೋಗಿಗೆ ತುರ್ತು ಚಿಕಿತ್ಸೆ ಕೊಡುವ ಇಎಂಟಿಗಳು ಎಲ್ಲರೂ ಇರುವ ನಮ್ಮ ವಾಟ್ಸಾಪ್ ಗ್ರೂಪಿಗೆ ಈ ಪತ್ರವನ್ನು ಆಗಲೇ ಹಾಕಿದ್ದೇನೆ. ನಿಮ್ಮ ಉತ್ತರ ಬಂದರೆ ಅದನ್ನೂ ಹಾಕುತ್ತೇನೆ, ಬರದಿದ್ದರೆ ಬರಲಿಲ್ಲ ಎಂದು ಹಾಕುತ್ತೇನೆ.

ಇಂತಿ,
108 ಆಂಬುಲೆನ್ಸ್ ಪೈಲಟ್
ಹಳೇ ಹುಬ್ಬಳ್ಳಿ