ಎದೆಗೆ ಇರುವ ಏರ್ಪಾಟು ಮೆದುಳಿಗೂ ಬೇಕು

ಮಾನ್ಯ ಸಂಪಾದಕರೇ,

ಕಳೆದ ಆಷಾಢದ ಒಂದು ಬೆಳಿಗ್ಗೆ ನಮ್ಮಣ್ಣ ಐದು ಗಂಟೆಗೇ ಎದ್ದು ಒಲೆ ಹೊತ್ತಿಸಿ, ಕಾಫಿ ಕಾಯಿಸಿ, ಅತ್ತಿಗೆಗೂ ಒಂದು ಲೋಟ ಕೊಟ್ಟು ಜಗಲಿಯಲ್ಲಿ ಬಂದು ಕೂತರು. ಐದೂವರೆಗೆ ಲೋಟ ಕೈಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಬಲಕ್ಕೆ ವಾಲಿದರು. ಬಾಯಿ ಸೊಟ್ಟಗಾಗಿತ್ತು, ಏನೋ ಹೇಳುತ್ತಿದ್ದರು, ಒಂದಕ್ಷರ ತಿಳಿಯಲಿಲ್ಲ. ಮನೆಯಲ್ಲಿ ಒಬ್ಬರು ಪಿತ್ತ ಅಂದರು, ಇನ್ನೊಬ್ಬರು ಗಾಳಿ ಬಡಿದಿದೆ ಅಂದರು. ಕೈಕಾಲಿಗೆ ಎಣ್ಣೆ ತಿಕ್ಕಿದೆವು, ಬಿಸಿನೀರು ಕುಡಿಸಿದೆವು. ನೀರು ನೆತ್ತಿಗೇರಿ ಕೆಮ್ಮಿದರು. ಲಕ್ವ ಹೊಡೆದವರಿಗೆ ನುಂಗುವ ಶಕ್ತಿಯೂ ಹೋಗಿರಬಹುದು, ಬಾಯಿಗೆ ಏನೂ ಹಾಕಬಾರದು ಎಂಬುದು ಮೂವತ್ತು ವರ್ಷ ಮೇಷ್ಟ್ರಾಗಿದ್ದ ನನಗೇ ಗೊತ್ತಿರಲಿಲ್ಲ.

ನಮ್ಮದು ಪುಷ್ಪಗಿರಿ ತಪ್ಪಲಿನ ಊರು. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೊಬೈಲ್ ಟವರೂ ಅದರ ಹಿಂದೆಯೇ ಹೋಗುತ್ತದೆ. 108ಕ್ಕೆ ಫೋನ್ ಮಾಡಲು ಹುಡುಗ ಗುಡ್ಡದ ಮೇಲಿನ ಗೇಟಿನವರೆಗೆ ಓಡಿದ. ಆಂಬುಲೆನ್ಸ್ ಬೇರೆ ಕೇಸಿಗೆ ಹೋಗಿತ್ತು. ಪಕ್ಕದ ತೋಟದವರ ಜೀಪಿನಲ್ಲಿ ಹೊರಟು, ದಾರಿಗೆ ಬಿದ್ದಿದ್ದ ಮರದ ಕೊಂಬೆ ಕಡಿದು ಸರಿಸಿ, ಏಳು ಗಂಟೆಗೆ ಮೊದಲ ಆಸ್ಪತ್ರೆ ಸೇರಿದೆವು. ಬಿಪಿ ನೋಡಿ, ಡ್ರಿಪ್ ಹಾಕಿ, ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ಎಂಟೂಕಾಲಿಗೆ ಎರಡನೆಯದು. ಅಲ್ಲಿ ಸಿಟಿ ಸ್ಕ್ಯಾನ್ ಯಂತ್ರ ಇತ್ತು, ಅದನ್ನು ನಡೆಸುವವರು ಹತ್ತು ಗಂಟೆಗೆ ಬರುವವರಿದ್ದರು. ಕಾಯುವ ಬದಲು ಮೈಸೂರಿಗೆ ಕರೆದುಕೊಂಡು ಹೋಗಿ ಎಂಬ ಸಲಹೆ ಸಿಕ್ಕಿತು. ಮೈಸೂರು ಮುಟ್ಟಿದಾಗ ಹನ್ನೊಂದೂವರೆ.

ಅಲ್ಲಿನ ನರರೋಗ ತಜ್ಞರು ಮೊದಲು ಕೇಳಿದ್ದು, ‘ಇವರು ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?’ ಐದೂವರೆ ಅಂದೆ. ಅವರು ಗೋಡೆಯ ಗಡಿಯಾರ ನೋಡಿ ಸುಮ್ಮನಾದರು.

ಆ ಮೌನದ ಅರ್ಥ ಆಮೇಲೆ ಅವರೇ ಬಿಡಿಸಿ ಹೇಳಿದರು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಲಕ್ವ ಹೊಡೆದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೆ ಕೆಲವರಿಗೆ ನಾಳ ಒಡೆದು ರಕ್ತಸ್ರಾವ ಆಗಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಸ್ರಾವವಾದವರಿಗೆ ಆ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಸ್ಕ್ಯಾನ್ ಇಲ್ಲದೆ ಯಾರೂ ಮುಟ್ಟುವುದಿಲ್ಲ, ಮುಟ್ಟಲೂಬಾರದು. ದೊಡ್ಡ ನಾಳ ಕಟ್ಟಿದ್ದರೆ ಕೊಳವೆ ತೂರಿಸಿ ಹೆಪ್ಪನ್ನು ಹೊರಗೆಳೆಯುವ ಚಿಕಿತ್ಸೆಯೂ ಇದೆ, ಕೆಲವರಿಗೆ 24 ಗಂಟೆಯವರೆಗೂ ಮಾಡಬಹುದಂತೆ. ಅಣ್ಣನದು ಆ ಬಗೆಯದಾಗಿರಲಿಲ್ಲ.

ನಾಲ್ಕೂವರೆ ಗಂಟೆ ಎಂದರೆ ಅಣ್ಣನ ಲೆಕ್ಕದಲ್ಲಿ ಹತ್ತು ಗಂಟೆ. ಆ ಗಡುವಿನೊಳಗೇ ನಾವು ಎರಡು ಆಸ್ಪತ್ರೆಗಳ ಮೆಟ್ಟಿಲು ಹತ್ತಿದ್ದೆವು. ಮಳೆ, ಗುಡ್ಡ, ಬಿದ್ದ ಮರ ಎಲ್ಲ ಸೇರಿ ತಿಂದದ್ದು ಒಂದೂವರೆ ಗಂಟೆ. ಉಳಿದದ್ದನ್ನು ತಿಂದದ್ದು ‘ಮುಂದಕ್ಕೆ ಹೋಗಿ’ ಎಂಬ ಮಾತು. ಅಲ್ಲಿದ್ದ ಡ್ಯೂಟಿ ಡಾಕ್ಟರನ್ನಾಗಲಿ ನರ್ಸನ್ನಾಗಲಿ ನಾನು ದೂರುತ್ತಿಲ್ಲ. ಇದ್ದದ್ದರಲ್ಲಿ ಅವರು ಮಾಡಿದ್ದು ಸರಿಯೇ. ಇದ್ದದ್ದೇ ಸಾಲದು ಎಂಬುದು ನನ್ನ ತಕರಾರು.

ಇದೇನು ಆಗದ ಕೆಲಸವಲ್ಲ. ಹೃದಯಾಘಾತಕ್ಕೆ ನಮ್ಮದೇ ಸರ್ಕಾರ ಇಂಥ ಏರ್ಪಾಟು ಮಾಡಿದೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ, ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ ದೂರದ ಹೃದ್ರೋಗ ತಜ್ಞರಿಗೆ ಹೋಗುತ್ತದೆ. ಅವರು ಹೇಳಿದರೆ ಅಲ್ಲೇ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಹೊರಗೆ ಕೊಂಡರೆ ಸಾವಿರಗಟ್ಟಲೆ ಬೆಲೆಯ ಮದ್ದು ಅದು. ಪ್ರಮಾಣ ಬೇರೆಯಾದರೂ ಅದೇ ಮದ್ದನ್ನು ಈಗ ಮೆದುಳಿನ ಹೆಪ್ಪಿಗೂ ಬಳಸುತ್ತಾರೆ. ಇಸಿಜಿ ಬದಲು ಸಿಟಿ ಸ್ಕ್ಯಾನ್, ಹೃದ್ರೋಗ ತಜ್ಞರ ಬದಲು ನರರೋಗ ತಜ್ಞರು. ಸ್ಕ್ಯಾನ್ ಚಿತ್ರ ನೋಡಲು ಅವರು ಕೊಡಗಿನಲ್ಲೇ ಕೂತಿರಬೇಕೆಂದೇನಿಲ್ಲ. ಯಂತ್ರ ಮತ್ತು ಅದನ್ನು ರಾತ್ರಿ ಎರಡು ಗಂಟೆಗೂ ನಡೆಸುವ ಮನುಷ್ಯ ಮಾತ್ರ ಇಲ್ಲೇ ಇರಬೇಕು. ಇಂಥದ್ದಕ್ಕೆ ಕೇಂದ್ರವಾಗಬಲ್ಲ ಸರ್ಕಾರಿ ವೈದ್ಯಕೀಯ ಕಾಲೇಜು ಮಡಿಕೇರಿಯಲ್ಲಿ 2016ರಿಂದ ನಡೆಯುತ್ತಿದೆ.

2019ರಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ನಮ್ಮ ಮಕ್ಕಳು ಸಾಮಾಜಿಕ ಜಾಲತಾಣದಲ್ಲಿ ಎಬ್ಬಿಸಿದ ಕೂಗು ನಾಡಿಗೆಲ್ಲ ಕೇಳಿಸಿತ್ತು. ನಾನೂ ಮೊಮ್ಮಗಳ ಕೈಲಿ ಒಂದು ಸಾಲು ಹಾಕಿಸಿದ್ದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಡ ಎನ್ನುವವನು ನಾನಲ್ಲ. ಆದರೆ ಕಟ್ಟಡ ಏಳಲು ವರ್ಷಗಳು ಬೇಕು, ಒಬ್ಬ ರಾತ್ರಿ ಪಾಳಿಯ ಟೆಕ್ನಿಷಿಯನ್‌ಗೆ ಬೇಕಾದದ್ದು ಒಂದು ಆದೇಶ, ಒಂದು ಸಂಬಳ. ಹೊರಗಿನ ಊರುಗಳನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋದಾಗ ಮಂಗಳೂರು ನಮಗೆ ಇಲ್ಲವಾಯಿತು. ಕೊರೊನಾ ಬಂದಾಗ ಕೇರಳ ಗಡಿಯ ಮಾಕುಟ್ಟದಲ್ಲಿ ರಸ್ತೆ ಮುಚ್ಚಲು ಮಣ್ಣು ಸುರಿದರು, ಕಣ್ಣೂರೂ ಇಲ್ಲವಾಯಿತು.

ತುರ್ತಿನದು ಒಂದಾದರೆ, ದಿನನಿತ್ಯದ್ದು ಇನ್ನೊಂದು. ನಮ್ಮ ತೋಟದ ಕೂಲಿಯವರ ಲೈನ್ ಮನೆಯ ಹುಡುಗನೊಬ್ಬನಿಗೆ ಫಿಟ್ಸ್ ಇದೆ. ಮಾತ್ರೆ ತಪ್ಪದೆ ತೆಗೆದುಕೊಂಡರೆ ಹತ್ತರಲ್ಲಿ ಏಳು ಜನರಿಗೆ ಅದು ಹತೋಟಿಗೆ ಬರುತ್ತದೆ ಎನ್ನುತ್ತಾರೆ, ಇವನಿಗೂ ಬಂದಿತ್ತು. ಮೈಸೂರಲ್ಲಿ ಬರೆದುಕೊಟ್ಟ ಮಾತ್ರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ತಿಂಗಳು ಸಿಕ್ಕಿತು, ಮರುತಿಂಗಳು ಇಲ್ಲ. ಹೋಗಿಬರುವುದೆಂದರೆ ಎರಡು ದಿನದ ಕೂಲಿ, ಬಸ್‌ ಚಾರ್ಜು ಬೇರೆ. ಮೆಣಸು ಕೊಯ್ಲಿನ ಸಮಯ, ಮಾತ್ರೆ ನಿಂತು ನಾಲ್ಕನೇ ದಿನ ಏಣಿಯ ಮೇಲೇ ಫಿಟ್ಸ್ ಬಂತು. ಪುಣ್ಯಕ್ಕೆ ಕೆಳಗೆ ತರಗೆಲೆಯ ರಾಶಿ ಇತ್ತು, ಭುಜದ ಮೂಳೆಯಷ್ಟೇ ಮುರಿಯಿತು. ಓಡಿ ಬಂದವರು ಅವನ ಕೈಗೆ ಕಬ್ಬಿಣ ತುರುಕುತ್ತಿದ್ದರು. ಅದರಿಂದ ಏನೂ ಆಗುವುದಿಲ್ಲ, ಮಗ್ಗುಲಾಗಿ ಮಲಗಿಸಿ, ಬಾಯೊಳಗೆ ಏನೂ ಇಡಬೇಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಎಂದು ಈಗ ಕಂಡಕಂಡವರಿಗೆಲ್ಲ ಹೇಳುವುದು ನನ್ನ ಕೆಲಸವಾಗಿದೆ.

ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಆರಂಭಿಸಿದ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್’ನ ಉದ್ದೇಶವೇ ಇದು. ಊರಿನ ಆಸ್ಪತ್ರೆಯ ವೈದ್ಯರಿಗೇ ಫಿಟ್ಸ್, ಲಕ್ವ, ತಲೆನೋವು, ಮರೆವಿನ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟು, ತಜ್ಞರೊಂದಿಗೆ ಬೆಸೆಯುವುದು. ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಶುರುವಾಯಿತು. ಅದಕ್ಕೆ ರಾಯಭಾರಿಯಾದವರು ಕೊಡಗಿನವರೇ ಆದ ಕ್ರಿಕೆಟಿಗ ರಾಬಿನ್ ಉತ್ತಪ್ಪ. ರಾಯಭಾರಿಯನ್ನು ಕೊಟ್ಟ ಜಿಲ್ಲೆಗೆ ಮಾತ್ರೆಯನ್ನೂ ತಿಂಗಳು ತಪ್ಪದೆ ಕೊಡಿ ಎಂದು ಕೇಳುವುದು ಅತಿಯಾಸೆ ಆಗಲಾರದು.

ಜಿಲ್ಲಾಡಳಿತಕ್ಕೆ ನನ್ನದು ಸದ್ಯಕ್ಕೆ ಒಂದೇ ಬೇಡಿಕೆ, ಅದಕ್ಕೆ ದುಡ್ಡೂ ಬೇಕಿಲ್ಲ. ಲಕ್ವ ಹೊಡೆದವರನ್ನು ರಾತ್ರಿ ಯಾವ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು, ಎಲ್ಲಿ ಸಿಟಿ ಸ್ಕ್ಯಾನ್ 24 ಗಂಟೆಯೂ ನಡೆಯುತ್ತದೆ, ಎಲ್ಲಿ ಆ ಇಂಜೆಕ್ಷನ್ ದಾಸ್ತಾನಿದೆ, ಹೊರಡುವ ಮೊದಲು ಯಾವ ನಂಬರಿಗೆ ಹೇಳಬೇಕು – ಐದೂ ತಾಲ್ಲೂಕಿಗೆ ಒಂದು ಪಟ್ಟಿ ಮಾಡಿ, 108ರ ಚಾಲಕರಿಗೂ ಪಂಚಾಯಿತಿಗಳಿಗೂ ಕೊಡಲಿ. ಪಟ್ಟಿಯಲ್ಲಿ ಒಂದೂ ಹೆಸರಿಲ್ಲದ ತಾಲ್ಲೂಕು ಇದ್ದರೆ, ಖಾಲಿ ಬಿಟ್ಟೇ ಪ್ರಕಟಿಸಲಿ. ನಾವು ಮೊದಲೇ ಮೈಸೂರಿನ ದಾರಿ ಹಿಡಿಯುತ್ತೇವೆ.

ಮುಂಗಾರು ಹಿಡಿಯುವ ಮೊದಲು ನಿಮ್ಮ ಪತ್ರಿಕೆ ಅದನ್ನು ಒಂದು ಮೂಲೆಯಲ್ಲಿ ಅಚ್ಚು ಹಾಕಿದರೂ ಸಾಕು. ಕತ್ತರಿಸಿ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಳ್ಳುತ್ತೇವೆ. ಅಣ್ಣ ಈಗ ಎಡಗೈಯಲ್ಲಿ ಕಾಫಿ ಕುಡಿಯುತ್ತಾರೆ, ಕೂರುವುದು ಆ ಕ್ಯಾಲೆಂಡರಿನ ಕೆಳಗೇ.

– ಒಬ್ಬ ನಿವೃತ್ತ ಶಿಕ್ಷಕ, ಸೋಮವಾರಪೇಟೆ ತಾಲ್ಲೂಕು, ಕೊಡಗು